ಬೀಗವಿಲ್ಲದ ಕಳವು

ಹೊಸನಗರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಶ್ರೀಗೌರಿಯ ಜಗಲಿಗೆ ಸುರೇಂದ್ರ ಗೌಡರು ಬಂದು ಕೂತಾಗ ಭಾನುವಾರದ ಊಟ ಮುಗಿದಿತ್ತಷ್ಟೆ. ಗೌಡರ ಕೊಟ್ಟಿಗೆಯಿಂದ ಕಾಳುಮೆಣಸಿನ ಚೀಲಗಳು ಮಾಯವಾದ ಸುದ್ದಿ ಅವರಿಗಿಂತ ಮೊದಲೇ ಊರು ಸುತ್ತಿ ಬಂದಿತ್ತು. ವಿಮಾ ಕಂಪನಿಗೆ ಇಂಗ್ಲಿಷಿನಲ್ಲಿ ದೂರು ಬೇಕು. ಅದರದೇ ಪ್ರತಿ ಪೊಲೀಸರಿಗೆ.

“ಬರ್ಗ್ಲರಿ ಅಂತ ಬರೀರಿ ಟೀಚರಮ್ಮ. ಆ ಪದ ಇದ್ರೇನೇ ದುಡ್ಡು ಅಂದ ಏಜೆಂಟ್.”

“ಬೀಗ ಒಡೆದಿದ್ರಾ?”

“ಬೀಗ ಎಲ್ಲಿತ್ತು ಒಡೆಯಕ್ಕೆ! ಅಮ್ಮನ ಬೋರ್ಡ್ ಹಾಕಿದ್ನಲ್ಲ.”

ಆ ಸೀಮೆಯ ಪದ್ಧತಿಯೇ ಅದು. ‘ಇಲ್ಲಿ ಚೌಡೇಶ್ವರಿ ಅಮ್ಮನ ಕಾವಲಿದೆ’ ಎಂಬ ಹಲಗೆಯನ್ನು ಹರಕೆ ಹೇಳಿಕೊಂಡು ತಂದು ತೂಗಿದರೆ ಮುಗಿಯಿತು, ಕದ್ದವನ ಕೈ ಬಿದ್ದುಹೋಗುತ್ತದೆಂದು ಕೂಸಿಗೂ ಗೊತ್ತು. ಶ್ರೀಗೌರಿಯ ಗೇಟಿನ ಕಂಬದಲ್ಲೂ ಅಂಥದೊಂದಿತ್ತು, ತೀರಿಹೋದ ಅತ್ತೆ ತಂದದ್ದು.

“ಹಾಗಾದ್ರೆ ಇದು ಥೆಫ್ಟ್ ಗೌಡ್ರೇ. ಬರೀ ಕಳವು. ನಿಮ್ಮ ಪಾಲಿಸೀಲಿ ಬರ್ಗ್ಲರಿ ಅಂದ್ರೆ ಒಡೆದು ಒಳಗೆ ನುಗ್ಗಿರ್ಬೇಕು.”

“ಮತ್ತೆ ಟೀವೀಲಿ ರಾಬರಿ ರಾಬರಿ ಅಂತಾರಲ್ಲ, ಅದೆಂತದು?”

“ಅದಕ್ಕೆ ಎದುರಿಗೆ ಮನುಷ್ಯ ಬೇಕು. ಹೊಡೆದೋ ಹೆದರಿಸಿಯೋ ಕಸಿದಿರ್ಬೇಕು.”

ಗೌಡರು ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದರು. “ಹಂಗೇ ಬರೀರಿ. ಕತ್ತಿ ತೋರ್ಸಿದ. ಕೆರಿಯಪ್ಪನ ಮಗ ದಿನೇಶ.”

ಅವಳ ಪೆನ್ನು ನಿಂತಿತು. ದಿನೇಶ ಅವಳ ಕೈಯಲ್ಲೇ ಓದಿದವನು. ಗೌಡರ ಕೆಲಸ ಬಿಟ್ಟು, ಅವರಿಗೇ ಎದುರು ಮಾತಾಡಿ, ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರತೊಡಗಿದ್ದ. ಕತ್ತಿ ಅವನ ಕೈಯಲ್ಲಿ ದಿನವೂ ಇರುವುದೇ. ಈ ಒಂದು ಪದ ಕಾಗದಕ್ಕೆ ಇಳಿದರೆ ಅವನಿಗೆ ವರ್ಷಗಟ್ಟಲೆ ಜೈಲು.

ಪದ್ಯ ಬಾಯಿಪಾಠ ಹೇಳುವ ಅಪ್ಪನ ಮಗ್ಗುಲಲ್ಲಿ ಕೂತು ಬೆಳೆದವಳು ಅವಳು. ಕಿವಿಯೇ ಅವಳ ಗುರು. ಪದ್ಯ ಮರೆತವನು ಮರೆತ ಕಡೆಯಲ್ಲಿ ದನಿ ತಗ್ಗಿಸುತ್ತಾನೆ. ಗೌಡರ ದನಿ ‘ಕತ್ತಿ’ ಎನ್ನುವಲ್ಲಿ ತಗ್ಗಿತ್ತು.

“ಅಮ್ಮನ ಮೇಲೆ ಆಣೆ ಇಟ್ಟು ಹೇಳಿ ಗೌಡ್ರೇ, ಕತ್ತಿ ಕಂಡ್ರಾ? ರಾಬರಿ ಅಂತಲೇ ಬರೀತೀನಿ.”

ಗೌಡರ ಕಣ್ಣು ಗೇಟಿನ ಹಲಗೆಯತ್ತ ಹೋಗಿ ಅಲ್ಲೇ ನಿಂತಿತು. ಎಲೆ ಬಾಯಿಗೆ ಹೋಗಲಿಲ್ಲ.

“ಆಣೆಗೀಣೆ ಎಲ್ಲ ಯಾಕೆ ಮಾರಾಯ್ರೆ,” ಎಂದು ಕೊನೆಗೆ ನಕ್ಕರು. “ನಿಮ್ಮ ಥೆಫ್ಟೇ ಬರೀರಿ.”

ಬರೆದಳು. ಕದ್ದವರ ಗುರುತು ತಿಳಿಯದು ಎಂದೂ ಸೇರಿಸಿದಳು. ಗೌಡರು ಕಾಗದ ಮಡಚಿ ಜೇಬಿಗಿಟ್ಟು, ಚಪ್ಪಲಿ ಮೆಟ್ಟುತ್ತಾ ಕೇಳಿದರು, “ನೀವೂ ಯಜಮಾನ್ರೂ ಬೆಳಿಗ್ಗೆ ಹೋದ್ರೆ ಸಂಜೆನೇ ಅಲ್ವಾ ಬರದು? ನಿಮ್ಮನೆಗೂ ಬೀಗ ಇಲ್ಲ.”

“ಅಮ್ಮ ಇದ್ದಾಳಲ್ಲ.”

“ಇದ್ದಾಳೆ, ಇದ್ದಾಳೆ. ಇರೋ ತನಕ ಇದ್ದಾಳೆ.”

ಮರುದಿನ ಸಂಜೆ ಕಾಲೇಜು ಮುಗಿಸಿ ಊರಿನ ಬಸ್ಸು ಹತ್ತುವಾಗ ದಿನೇಶ ಎಂದಿನಂತೆ ಎಳನೀರು ಕೆತ್ತುತ್ತಿದ್ದ. “ನಮಸ್ತೆ ಮೇಡಂ” ಎಂದು ಕತ್ತಿ ಹಿಡಿದ ಕೈಯನ್ನೇ ಎತ್ತಿದ. ಅವಳ ಎದೆ ಹಗುರಾಯಿತು.

ಮನೆಯ ಗೇಟಿನ ಕಂಬದಲ್ಲಿ ಬರೀ ಮೊಳೆ ಇತ್ತು.

ಹಲಗೆಯನ್ನು ಯಾರೂ ಕಿತ್ತೆಸೆದಿರಲಿಲ್ಲ. ತುಳಸಿಕಟ್ಟೆಯ ಮೇಲೆ, ತೊಳೆದ ಬಾಳೆಲೆ ಹಾಸಿ ಇಟ್ಟಿದ್ದರು. ಧೂಳು ಒರೆಸಿ, ಹೊಸ ಕುಂಕುಮ ಹಚ್ಚಿ, ಎರಡು ದಾಸವಾಳ ಏರಿಸಿದ್ದರು. ತಪ್ಪಾಯ್ತಮ್ಮಾ ಎಂದು ಕೈಮುಗಿದು ಇಳಿಸಿದಂತಿತ್ತು. ಬಾಯಿಗೆ ಹಾಕದೆ ಗೌಡರು ಜಗಲಿಯಲ್ಲಿ ಬಿಟ್ಟುಹೋದ ಎಲೆ ಅವಳಿಗೆ ನೆನಪಾಯಿತು. ದೇವರಿಗೆ ಹೆದರುವ ಕೈ, ಮನುಷ್ಯರಿಗೆ ಹೆದರದ ಕೈ.

ಒಮ್ಮೆ ಇಳಿದ ಕಾವಲನ್ನು ಮತ್ತೆ ತೂಗಬೇಕಾದರೆ ಹೊಳೆ ದಾಟಿ ಅಮ್ಮನ ಗುಡಿಗೇ ಒಯ್ಯಬೇಕು. ಅದಕ್ಕೆ ನಾಳೆಯಾಗಬೇಕು.

ಒಳಗೆ ಒಂದು ಚಮಚವೂ ಅಲುಗಿರಲಿಲ್ಲ. ಶ್ರೀಗೌರಿ ಬೀಗ ಹುಡುಕತೊಡಗಿದಳು. ಕಪಾಟು, ಅಟ್ಟ, ಅತ್ತೆಯ ಹಳೆಯ ಪೆಟ್ಟಿಗೆ. ಆ ಮನೆಯಲ್ಲಿ ಯಾರೂ, ಯಾವ ಕಾಲದಲ್ಲೂ, ಬೀಗ ಕೊಂಡಿರಲಿಲ್ಲ.