ಉಸಿರು ಸ್ವಾಮಿಯ ನಿದ್ದೆ

ಹೊಟ್ಟೆನೋವು ಅಂದರೂ ಉಸಿರು ಬಿಡು, ಗಂಡ ಬೈದ ಅಂದರೂ ಉಸಿರು ಬಿಡು ಎನ್ನುವ ಸನ್ಯಾಸಿಗೆ ಜನ ಇನ್ಯಾವ ಹೆಸರಿಟ್ಟಾರು? ಉಸಿರು ಸ್ವಾಮಿ ಎಂದೇ ಕರೆದರು. ಆಶ್ರಮದ ಹುಲ್ಲುಹಾಸಿಗೂ ಕಾರಿನಲ್ಲಿ ಬರುವ ಶಿಷ್ಯರಿಗೂ ದೊಡ್ಡ ನಮಸ್ಕಾರ ಹಾಕಿ, ಮಾರುಕಟ್ಟೆಯ ಹಿಂದಿನ ಪಾಳು ಗೋದಾಮಿನಲ್ಲಿ ಗೋಣಿತಟ್ಟು ಹಾಸಿ ಕೂತವರು ಅವರು. ಪಾಳಿ ಮುಗಿಸಿದ ಹಮಾಲಿಗಳು, ಕಸ ಗುಡಿಸುವವರು, ಪಾತ್ರೆ ತಿಕ್ಕುವ ಹೆಂಗಸರು ಬೆಳಗಾಗುತ್ತಲೇ ಅಲ್ಲಿಗೆ ಬರುತ್ತಿದ್ದರು. ಸ್ವಾಮಿ ಅವರ ಬೆನ್ನು ನೆಟ್ಟಗೆ ಮಾಡಿಸಿ, ಒಡೆದ ಹಿಮ್ಮಡಿಗೆ ಎಣ್ಣೆ ಸವರಿ, ಗಂಜಿ ಕುಡಿಸಿ ಕಳಿಸುತ್ತಿದ್ದರು. ಕಾಯಿಲೆಯವರನ್ನು ತಳ್ಳುಗಾಡಿಯಲ್ಲಿ ಮಲಗಿಸಿ ತಾವೇ ಆಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಿದ್ದರು.

ಗೋದಾಮಿನ ಬಾಗಿಲಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕನೂ ಹಾಗೆ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿಬಂದವಳೇ. ಸೊಂಟ ಹಿಡಿದು ಮೂಲೆ ಸೇರಿದ್ದವಳ ಕೈಗೆ ಮತ್ತೆ ಇಸ್ತ್ರಿಪೆಟ್ಟಿಗೆ ಕೊಡಿಸಿದವರು ಸ್ವಾಮಿ. ಅಂದಿನಿಂದ ಬಾಗಿಲು ಕಾಯುವ ಕೆಲಸವನ್ನು, ಯಾರೂ ಕೇಳದಿದ್ದರೂ, ಅವಳು ತಲೆ ಮೇಲೆ ಹಾಕಿಕೊಂಡಿದ್ದಳು.

ಕಾಯುವುದಕ್ಕೆ ಕಾರಣವೂ ಇತ್ತು. ಬೆಳಗಿನ ಯೋಗದ ಪಾಠ ಶವಾಸನದಲ್ಲಿ ಮುಗಿಯುತ್ತಿತ್ತು. ಅಲ್ಲಿ ನಿದ್ದೆ ಹೋದವರನ್ನು ಯಾರೂ ಎಬ್ಬಿಸಬಾರದು. ಸ್ವಾಮಿಯ ಕಟ್ಟುನಿಟ್ಟು ಅದೊಂದೇ. ಒಮ್ಮೆ ಆಶ್ರಮದ ಗುರುಗಳು ಬಂದು ನೋಡಿ ಸಿಡಿಮಿಡಿಗೊಂಡರು.

"ಗೊರಕೆ ಹೊಡೆಯೋದು ಯಾವ ಯೋಗವಯ್ಯಾ? ಮೈ ಮಲಗಬೇಕು, ಮನಸ್ಸು ಎದ್ದಿರಬೇಕು."

"ಇವರು ಎದ್ದಿದ್ದು ಸಾಕಾಗಿದೆ ಗುರುಗಳೇ. ನಾನು ಮಲಗೋದು ಕಲಿಸ್ತೀನಿ," ಎಂದರು ಸ್ವಾಮಿ.

ಗುರುಗಳು ಮುಖ ಗಂಟು ಹಾಕಿಕೊಂಡು ಹೋದರು. ಅಕ್ಕನಿಗೆ ಮಾತ್ರ ಸ್ವಾಮಿಯ ಆ ಮಾತು ಎದೆಗೆ ನಾಟಿತು. ಮಲಗಿದವರನ್ನು ಕೂಗಲು ಬಂದ ಮೇಸ್ತ್ರಿಗಳಿಗೆ ಅವಳು ಕೆಂಡದ ಪೆಟ್ಟಿಗೆ ಎತ್ತಿ ತೋರಿಸಿದ್ದೂ ಉಂಟು.

ಈಚೆಗೆ ಸ್ವಾಮಿ ಗಂಜಿ ಬಡಿಸುವಾಗಲೇ ಎದೆ ಒತ್ತಿಕೊಂಡು ನಿಲ್ಲುತ್ತಿದ್ದರು. ಆಸ್ಪತ್ರೆಗೆ ನಡೀರಿ ಎಂದರೆ ನಾಳೆ ಎನ್ನುವರು. ಆ ನಾಳೆಗೆ ಕೊನೆಯೇ ಇರಲಿಲ್ಲ. ಕಡೆಗೊಂದು ಬೆಳಿಗ್ಗೆ ಅಕ್ಕ ಅಡ್ಡ ನಿಂತಳು.

"ಊರಿಗೆಲ್ಲ ಉಸಿರು ಹೇಳ್ಕೊಡ್ತೀರಿ, ನಿಮಗೇ ಉಸಿರು ಸಿಕ್ತಿಲ್ಲ. ಇವತ್ತು ಬರ್ಲಿಲ್ಲ ಅಂದ್ರೆ ನಿಮ್ಮನ್ನೇ ಗಾಡಿಗೆ ಹಾಕ್ಕೊಂಡು ಹೋಗ್ತೀನಿ, ನೋಡಿ!"

ಸ್ವಾಮಿ ನಕ್ಕರು. "ಆಯ್ತು ತಾಯಿ, ಸೋತೆ. ಪಾಠ ಮುಗಿದ ಕೂಡ್ಲೇ ಹೋಗೋಣ."

ಪಾಠ ಮುಗಿಯಿತು, ಜನ ಚದುರಿದರು. ಅಕ್ಕ ಕೆಂಡಕ್ಕೆ ನೀರು ಚಿಮುಕಿಸಿ, ಚಪ್ಪಲಿ ಮೆಟ್ಟಿಕೊಂಡು ಕರೆಯಲು ಒಳಗೆ ಬಂದಳು. ಸ್ವಾಮಿ ಗೋಣಿತಟ್ಟಿನ ಮೇಲೆ ಅಂಗೈ ಬಿಚ್ಚಿ ಮಲಗಿದ್ದರು. ಹಗಲಲ್ಲಿ ಅವರು ಮೈ ಚೆಲ್ಲಿದ್ದನ್ನು ಅವಳು ಕಂಡೇ ಇರಲಿಲ್ಲ. ಚಾಚಿದ ಕೈ ಹಿಂದಕ್ಕೆ ಬಂತು. ಪಾಪ, ಒಂದಿಷ್ಟು ಮಲಗಲಿ, ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ ಅಂದುಕೊಂಡಳು. ಆಗಷ್ಟೇ ಇಸ್ತ್ರಿ ಮಾಡಿದ್ದ ಬೆಚ್ಚನೆಯ ದುಪ್ಪಟಿ ಹೊದಿಸಿ, ಬಾಗಿಲಲ್ಲಿ ಕೂತಳು.

"ಸ್ವಾಮಿ ಇಲ್ವಾ?" ಎಂದು ಬಂದ ಹಮಾಲಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದಳು. "ಶ್! ಮಲಗಿದಾರೆ. ಆಮೇಲೆ ಬಾ."

ಅವನು ತುದಿಗಾಲಲ್ಲಿ ಹೋದ. ಸುದ್ದಿ ತಿಳಿದು ಕೂಗಿ ಮಾರುವ ಗಾಡಿಯವರೂ ದನಿ ತಗ್ಗಿಸಿದರು. ಸ್ವಾಮಿ ಮಲಗಿದ್ದಾರೆ ಎಂದು ಇಡೀ ಗಲ್ಲಿಗೇ ಸಂತೋಷ. ಬಿಸಿಲು ಅವರ ಮುಖಕ್ಕೆ ಬಂದಾಗ ಮರೆ ಮಾಡಲೆಂದು ಅಕ್ಕ ದುಪ್ಪಟಿ ಎಳೆದಳು. ಬೆರಳಿಗೆ ಹಣೆ ತಾಗಿತು. ತಣ್ಣಗಿತ್ತು.

"ಸ್ವಲ್ಪ ಮುಂಚೆ ತಂದಿದ್ರೆ..." ಎಂದು ಶುರುಮಾಡಿದ ಆಸ್ಪತ್ರೆಯ ಡಾಕ್ಟರು ಅವಳ ಮುಖ ನೋಡಿ, ದುಪ್ಪಟಿಯನ್ನು ಸ್ವಾಮಿಯ ಮುಖದ ಮೇಲೆ ಎಳೆದರು.

ಯಾರೂ ಅವಳನ್ನು ಬೈಯಲಿಲ್ಲ. "ನಾವಾಗಿದ್ರೂ ಎಬ್ಬಿಸ್ತಿರ್ಲಿಲ್ಲ ಬಿಡಕ್ಕ," ಎಂದ ಹಮಾಲಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಾನೇ ಬಾಗಿಲು ಕಾದು ಅವರನ್ನು ಕಳಿಸಿಕೊಟ್ಟೆ ಎಂದು ಅವಳೇ ತನ್ನನ್ನು ಬೈದುಕೊಂಡಳು.

ಕೆಲವು ದಿನ ಕಳೆದು ಜನ ಮತ್ತೆ ಗೋದಾಮಿಗೆ ಬಂದರು. ನೆನಪಿದ್ದಷ್ಟು ಮಾಡಿದರು. ಕೊನೆಗೆ ಮಲಗುವ ಹೊತ್ತು ಬಂದಾಗ ಒಬ್ಬರಿಗೂ ಧೈರ್ಯವಾಗಲಿಲ್ಲ, ಮುಖ ಮುಖ ನೋಡಿಕೊಂಡು ಕೂತರು. ಕಡೆಗೆ ಹಮಾಲಿ ದಣಿವು ತಾಳಲಾರದೆ ಅಡ್ಡಾದ. ಉಳಿದವರೂ ಒಬ್ಬೊಬ್ಬರಾಗಿ ಮಲಗಿದರು.

ಗೊರಕೆ ಶುರುವಾದ ಮೇಲೆ ಅಕ್ಕ ಪೆಟ್ಟಿಗೆ ಕೆಳಗಿಟ್ಟು ಒಳಗೆ ಬಂದಳು. ಬಗ್ಗಿ ಹಮಾಲಿಯ ಕಾಲಿನ ಹೆಬ್ಬೆರಳು ಹಿಡಿದು ಅಲುಗಿಸಿದಳು. ಅವನು ಗಾಬರಿಯಿಂದ ಎದ್ದು ಕೂತ.

"ಏನಕ್ಕಾ? ಎಬ್ಬಿಸಬಾರ್ದು ಅಂದಿದ್ರಲ್ಲ ಸ್ವಾಮಿ?"

"ಹೂಂ, ಅಂದಿದ್ರು." ಅವಳ ಕಣ್ಣು ತುಂಬಿ ಬಂತು. "ಎದ್ಯಲ್ಲ, ಸಾಕು. ಮಲಕ್ಕೋ ನನ್ನಪ್ಪ."

ಅವನು ಮಗ್ಗುಲಾದ. ಅಕ್ಕ ಪಕ್ಕದವಳ ಕಾಲಿಗೆ ಕೈ ಚಾಚಿದಳು.