ಶನಿವಾರದ ಮಾತ್ರೆ

ಬೇಸಿಗೆಯಲ್ಲಿ ಆವತಿ ಬೆಟ್ಟದ ಒಣಹುಲ್ಲಿಗೆ ಕಿಡಿ ಬಿದ್ದರೆ, ಬೆಂಕಿ ಆರಿಸುವ ಗಾಡಿ ಬಂದರೂ ಬುಡದಲ್ಲೇ ನಿಲ್ಲಬೇಕು. ಬಂಡೆಗಳ ನಡುವೆ ಹತ್ತಿ, ಹಸಿ ಹೊಂಗೆ ಕೊಂಬೆಯಿಂದ ಬಡಿದು ಆರಿಸುವವರು ಊರಿನ ಹನ್ನೊಂದು ಮಂದಿ. ಯಾರಿಗೂ ಸಂಬಳವಿಲ್ಲ. ಮೊದಲ ಕೊಂಬೆ ಮುರಿದವರೇ ಮುಂದೆ ಹತ್ತಬೇಕು ಎಂಬುದು ಅವರ ಪದ್ಧತಿ. ಇಪ್ಪತ್ತು ವರ್ಷದಿಂದ ಆ ಕೊಂಬೆ ಕೋದಂಡರಾಮಯ್ಯನವರ ಕೈಯಲ್ಲೇ ಇತ್ತು.

ಈ ವರ್ಷ ಅವರಿಗೆ ಬಿ.ಪಿ. ಇರುವುದು ಗೊತ್ತಾಯಿತು. ದಿನಕ್ಕೊಂದು ಮಾತ್ರೆ, ಬೆಳಿಗ್ಗೆ ಬಿರುಸು ನಡಿಗೆ. ಇವೆರಡೂ ತಪ್ಪದಿದ್ದರೆ ಬೆಟ್ಟ ಹತ್ತಬಹುದು ಎಂದಿದ್ದರು ಡಾಕ್ಟರು. ಗಮನಿಸುವ ಹೊಣೆ ಊರಿನ ನರ್ಸ್ ಅನಿತಳದು. ಅವಳೂ ಹನ್ನೊಂದರಲ್ಲಿ ಒಬ್ಬಳು. ರಾಮಯ್ಯನವರು ಹಾಡಿಕೊಂಡು ನಡೆಯುವುದನ್ನು ಕಂಡು ಗದರಿದ್ದಳು.

"ಮಾವ, ಮಾತಾಡೋಕೆ ಉಸಿರಿರ್ಬೇಕು, ಹಾಡೋಕೆ ಇರ್ಬಾರ್ದು. ಅಷ್ಟು ಜೋರಾಗಿ ನಡೀರಿ."

"ಹಂಗಾದ್ರೆ ದೇವರನಾಮ?"

"ಮನಸ್ಸಲ್ಲೇ ಹೇಳ್ಕಳಿ. ಅವನಿಗೆ ಕೇಳಿಸ್ತದೆ."

ಒಂದು ಶನಿವಾರ ಮಧ್ಯಾಹ್ನ ಬೆಟ್ಟದಲ್ಲಿ ಹೊಗೆ ಎದ್ದಿತು. ಎಲ್ಲರೂ ಬುಡದಲ್ಲಿ ಸೇರಿದರು. ರಾಮಯ್ಯನವರು ಕೊಂಬೆ ಮುರಿದು ಹೆಜ್ಜೆಯೆತ್ತಿದರು.

"ಮಾತ್ರೆ ಆಯ್ತಾ ಮಾವ?"

ಹೂಂ ಎಂದಿದ್ದರೆ ಹತ್ತಬಹುದಿತ್ತು. ಆದರೆ ಅದು ಮನೆದೇವರು ತಿಮ್ಮರಾಯನ ವಾರ. ನಾಲಿಗೆ ಸುಳ್ಳಿಗೆ ಹೊರಳಲಿಲ್ಲ.

"ಉಪವಾಸ ಕಣಮ್ಮ. ಸಂಜೆ ಪೂಜೆ ಆಗೋವರ್ಗೂ ನೀರು ಬಿಟ್ಟು ಏನೂ ಬಾಯಿಗೆ ಹಾಕಲ್ಲ."

"ಎಲ್ಲಾ ಶನಿವಾರನೂ ಹಿಂಗೇನಾ?"

"ಎಲ್ಲಾ ಶನಿವಾರನೂ."

"ಅಯ್ಯೋ, ಮಾತ್ರೆ ಏನು ಮುದ್ದೆ ಊಟನಾ? ಆ ನೀರಲ್ಲೇ ನುಂಗ್ಬಹುದಿತ್ತಲ್ಲ! ನಿಮ್ಮೆದೆಗೆ ಶನಿವಾರ ರಜಾ ಕೊಟ್ಟಿದ್ದೀರಾ?"

ಯಾರೋ ನಕ್ಕರು. ಅನಿತ ನಗಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಇವತ್ತು ಬೇಡ ಮಾವ," ಎಂದಳು.

ರಾಮಯ್ಯನವರು ಒಂದು ಗಳಿಗೆ ಬೆಟ್ಟ ನೋಡಿದರು. ಆಮೇಲೆ ಕೊಂಬೆಯನ್ನು ಪಕ್ಕದಲ್ಲಿದ್ದ ನಂದಕುಮಾರನ ಕೈಗಿಟ್ಟರು.

"ಅಣ್ಣಾ, ಬೆಂಕಿ ನನ್ ಮಾತು ಕೇಳ್ತದಾ?"

"ನನ್ ಮಾತು ಯಾವತ್ತು ಕೇಳಿತ್ತೋ? ಗಾಳಿಗೆ ಬೆನ್ನು ಕೊಟ್ಟು ಬಡಿ, ಹೋಗು."

ಹತ್ತು ಮಂದಿ ಹತ್ತಿದರು. ಅನಿತ ಮೇಲೆ ಹೋಗುವ ಮುನ್ನ ಕೊಟ್ಟ ಮಾತ್ರೆಯನ್ನು ನೀರಿನಲ್ಲಿ ನುಂಗಿ, ರಾಮಯ್ಯನವರು ಹೊಂಗೆಯ ನೆರಳಿನಲ್ಲಿ ಕೂತರು. ಮೇಲಿನಿಂದ ಕೊಂಬೆ ಬಡಿಯುವ ಸದ್ದು. ಒಳಗೆ ಎದೆಯ ಸದ್ದು. ಹುಟ್ಟಿದಾಗಿನಿಂದ ಒಂದು ದಿನವೂ ಬಿಡದೆ ಸೇವೆ ಮಾಡುತ್ತಿರುವುದು ಅದೊಂದೇ ಅಲ್ಲವೇ ಅನ್ನಿಸಿತು. ಹೊಗೆ ತೆಳ್ಳಗಾಗಿ ನಿಂತಿತು. ಮಸಿ ಮೆತ್ತಿದ ಮುಖಗಳು ಇಳಿದು ಬಂದಾಗ, ಅವರೇ ಎದ್ದು ಒಬ್ಬೊಬ್ಬರಿಗೂ ನೀರು ಬಗ್ಗಿಸಿಕೊಟ್ಟರು.

ಮುಂದಿನ ಶನಿವಾರ ಬೆಳಿಗ್ಗೆ ತಿಮ್ಮರಾಯನ ಪಟದ ಮುಂದೆ ತುಳಸಿಯ ಪಕ್ಕದಲ್ಲಿ ಮಾತ್ರೆ ಇತ್ತು. ರಾಮಯ್ಯನವರು ಅದನ್ನು ಕಣ್ಣಿಗೊತ್ತಿಕೊಂಡು, ಒಂದು ಲೋಟ ನೀರಿನೊಂದಿಗೆ ನುಂಗಿ, ಹಾಡದೆ ನಡೆಯಲು ಹೊರಟರು.