ಎಂಬತ್ತೊಂದು ಕಿಲೋ

ದುರ್ಗಾಂಬಿಕಾಗೆ ಸಿಟ್ಟು ನೆತ್ತಿಗೇರಿತ್ತು. ಗಂಡ ಯರ್ರಿಸ್ವಾಮಿ ಬೆನ್ನುನೋವಿನ ಮಾತ್ರೆಗೆಂದು ಜಗಳೂರಿನ ಆಸ್ಪತ್ರೆಗೆ ಹೋದರೆ ನರ್ಸಮ್ಮ ತೂಕ ನೋಡಿ ಚೀಟಿಯಲ್ಲಿ ಎಂಬತ್ತೊಂದು ಎಂದು ಬರೆದಿದ್ದಳು. ನಿನ್ನೆ ತಾನೇ ಪಂಚಾಕ್ಷರಪ್ಪನ ದಲಾಲಿ ಅಂಗಡಿಯ ಕರೆಂಟ್ ತಕ್ಕಡಿ ಎಪ್ಪತ್ತೆಂಟು ತೋರಿಸಿತ್ತು. ಒಂದೇ ದಿನಕ್ಕೆ ಮೂರು ಕಿಲೋ ಊದಲು ಅವನೇನು ಸೈಕಲ್ ಟ್ಯೂಬೇ?

ಸೈನ್ಯದ ಹವಾಲ್ದಾರ್ ಯರ್ರಿಸ್ವಾಮಿ ರಜೆಗೆ ಊರಿಗೆ ಹೊರಟಾಗ ಎಂಬತ್ತೆಂಟು ಕಿಲೋ ಇದ್ದ. ಬೆನ್ನಿಗೆ ಪೆಟ್ಟಾಗಿ ವರ್ಷವಿಡೀ ಸ್ಟೋರಿನ ಕುರ್ಚಿಯಲ್ಲಿ ಕೂತದ್ದರ ಫಲ. ವಾಪಸ್ ಹಾಜರಾಗುವಾಗ ಎಪ್ಪತ್ತೆಂಟು ದಾಟಿದ್ದರೆ ಬಡ್ತಿಯ ಆಸೆ ಬಿಡು ಎಂದು ಮೇಲಿನವರು ಕಾಗದದಲ್ಲೇ ಬರೆದು ಕೊಟ್ಟಿದ್ದರು. "ಇದು ಊರಿಗೆ ಗೊತ್ತಾಗಬಾರ್ದು ದುರ್ಗಿ," ಎಂದು ಅವನು ಅಂಗಲಾಚಿದ್ದ. ಶಾಲೆಯ ಧ್ವಜಾರೋಹಣಕ್ಕೆ ಕರೆದು ಹಾರ ಹಾಕಿದ್ದ ಊರು ಅದು.

ಹಾರ ಹಾಕಿದ ಊರೇ ಅವನನ್ನು ಉಣಿಸಿ ಕೊಲ್ಲಲು ನಿಂತಿತ್ತು. ರಜೆಗೆ ಬಂದ ಸೈನಿಕನನ್ನು ಹೋಳಿಗೆ ತುಪ್ಪಕ್ಕೆ ಕರೆಯದ ಮನೆಯಿಲ್ಲ. ದುರ್ಗಾಂಬಿಕಾ ಬಾಗಿಲಲ್ಲೇ ನಿಂತು ಎಲ್ಲರನ್ನೂ ವಾಪಸ್ ಕಳಿಸಿದಳು, ಜಿಪುಣಿ ಎನ್ನಿಸಿಕೊಂಡಳು. "ದೇಶ ಕಾಯೋ ಮಗ ಅರ್ಧ ಮುದ್ದೆ ತಿನ್ನಬೇಕೇನೆ?" ಎಂದು ಅತ್ತೆ ಕೊಲ್ಲಾಪುರಮ್ಮ ವಾರಗಟ್ಟಲೆ ಮಾತು ಬಿಟ್ಟಳು. ದಿನಾ ಊರು ಏಳುವ ಮೊದಲೇ ಅವನು ಕದ್ದು ಕೆರೆ ಏರಿಯವರೆಗೆ ಓಡಿದರೆ ಇವಳು ಸ್ಕೂಟಿಯಲ್ಲಿ ಹಿಂದೆ. ಆಸ್ಪತ್ರೆಯಲ್ಲಿ ತೂಗಿಸಿದರೆ ಸುದ್ದಿಯಾಗುತ್ತದೆಂದು ದಲಾಲಿ ಅಂಗಡಿಯಲ್ಲಿ ತೂಗಿಸುತ್ತಿದ್ದರು. ಮೊದಲ ಸಲ ಅಲ್ಲಿ ಎಂಬತ್ತೈದು ತೋರಿಸಿದಾಗ, "ಪಲ್ಟನ್ನಿನಾಗೆ ಬೂಟು ಹಾಕಿಸಿ ತೂಗಿದ್ರು," ಎಂದು ಅವನೂ ನಂಬಿದ್ದ. ನಿನ್ನೆ ಎಪ್ಪತ್ತೆಂಟು ನೋಡಿದ ಖುಷಿಗೆ ಇವಳೇ ಕೈಯಾರೆ ಹೋಳಿಗೆ ಬಡಿಸಿದ್ದಳು. ಈಗ ರಜೆ ಉಳಿದಿದ್ದು ನಾಲ್ಕೇ ದಿನ.

ಆಸ್ಪತ್ರೆಯ ಮೆಟ್ಟಿಲಲ್ಲೇ ಅವಳಿಗೆ ಇನ್ನೊಂದು ಹೊಳೆಯಿತು. ಮೂರು ವರ್ಷದಿಂದ ತಮ್ಮ ಮೆಕ್ಕೆಜೋಳವನ್ನೂ ತೂಗಿದ್ದು ಅದೇ ತಕ್ಕಡಿ. ಗಂಡನನ್ನು ಕರೆದುಕೊಂಡು ಅದೇ ಪೇಟೆಯಲ್ಲಿದ್ದ ಅಂಗಡಿಗೆ ನೇರ ನಡೆದಳು.

ದಲಾಲಿ ಅಂಗಡಿಯ ಮುಂದೆ ರೈತರು ಚೀಲ ಇಳಿಸಿಕೊಂಡು ಕಾದಿದ್ದರು. ಚೀಟಿ ತೋರಿಸಿ ಕೇಳಿದರೆ ಪಂಚಾಕ್ಷರಪ್ಪ ತಲೆ ಎತ್ತಲಿಲ್ಲ.

"ಆಸ್ಪತ್ರೆ ಮಿಷನ್ನು ಹಳೇದಮ್ಮ. ಗಂಡನ್ನ ದಿನಾ ತೂಗಿಸ್ತೀಯಲ್ಲ, ಮಾರಾಕೇನು?"

ಕೆಲವರು ನಕ್ಕರು. ದುರ್ಗಾಂಬಿಕಾ ಬಾಯಿ ತೆರೆಯುವಷ್ಟರಲ್ಲಿ ಯರ್ರಿಸ್ವಾಮಿ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದ. ಎಪ್ಪತ್ತೆಂಟು. ಜೇಬಿನಿಂದ ಪಲ್ಟನ್ನಿನ ಕಾಗದ ತೆಗೆದ.

"ನಂಗೆ ಬೊಜ್ಜು ಬಂದೈತೆ. ಇಳಿಸದಿದ್ರೆ ಬಡ್ತಿ ಇಲ್ಲ ಅಂತ ಬರೆದವ್ರೆ. ಅದಕ್ಕೇ ಹೆಂಡ್ತಿ ತೂಗಿಸ್ತಾಳೆ," ಎಂದ. ಅವನ ಕಿವಿ ಕೆಂಪಾಗಿತ್ತು. "ಈಗ ತಾನೇ ಆಸ್ಪತ್ರೆಯಾಗೆ ಎಂಬತ್ತೊಂದು ಇದ್ದೆ. ನಂದು ಮೂರು ಕಿಲೋ ತಿಂದಿರೋ ತಕ್ಕಡಿ ನಿಮ್ ಚೀಲದಾಗೆ ಎಷ್ಟು ತಿಂತು, ನೀವೇ ನೋಡ್ಕಳ್ರಿ."

ಯಾರೂ ನಗಲಿಲ್ಲ. ಹಮಾಲಿ ಮುಜಮ್ಮಿಲ್ ಬೆನ್ನ ಮೇಲಿದ್ದ ಚೀಲವನ್ನು ದೊಪ್ಪನೆ ಕೆಡವಿದ. "ಸಾಹುಕಾರ್ರ ಮೇಜಿನ ಕೆಳಗೆ ಒಂದು ಗುಂಡಿ ಐತೆ, ಒತ್ತಿ ನೋಡ್ರಿ," ಎಂದ. ಮುದುಕ ಗೋಣೆಪ್ಪ ಪಂಚಾಕ್ಷರಪ್ಪನನ್ನು ಪಕ್ಕಕ್ಕೆ ಸರಿಸಿ ತಡಕಿ ಒತ್ತಿದ. ಕೆಂಪು ಅಂಕಿ ಎಂಬತ್ತೊಂದಕ್ಕೆ ಹಾರಿತು.

ಆಸ್ಪತ್ರೆಯಲ್ಲಿ ತಾನು ಬೈದಿದ್ದ ಆ ಅಂಕಿಯನ್ನು ದುರ್ಗಾಂಬಿಕಾ ಕಣ್ಣು ಕೀಳದೆ ನೋಡಿದಳು. ಅಂಗಡಿಯಲ್ಲಿ ಗದ್ದಲ ಎದ್ದಿತ್ತು. ಒಬ್ಬ ಪೊಲೀಸರಿಗೆ ಫೋನ್ ಹಚ್ಚುತ್ತಿದ್ದ.

"ಇಳೀಬ್ಯಾಡಪ್ಪ," ಎಂದು ಗೋಣೆಪ್ಪ ಯರ್ರಿಸ್ವಾಮಿಯ ಕೈ ಹಿಡಿದ. "ಅವ್ರು ಬರೋಗಂಟ ಹಿಂಗೇ ನಿಂತಿರು."

"ಸಾಕು ಬಿಡಜ್ಜ, ನೀವು ಇಷ್ಟು ಜನ ಇದ್ದೀರಲ್ಲ," ಎಂದಳು ದುರ್ಗಾಂಬಿಕಾ. ಸಿಟ್ಟು ಒಂಚೂರೂ ಇಳಿದಿರಲಿಲ್ಲ. ಗಂಡನ ಕಡೆ ತಿರುಗಿದಳು. "ಇಳೀರಿ ನೀವು. ನಾಲ್ಕು ದಿನ ಐತೆ, ಮೂರು ಕಿಲೋ ಐತೆ. ಇವತ್ತು ನಿಮಗೆ ಬಸ್ಸಿಲ್ಲ, ಊರಿಗೆ ಓಡ್ಕಂಡೇ ಬರ್ರಿ. ಇನ್ನ ಕದ್ದು ಓಡೋದೇನೈತೆ."